ಒಂಬತ್ತನೇ ದಿನದ ನೀರು

ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದರೆ ಆರು ಗ್ರಾಂ ಉಳಿಯುತ್ತದೆ ಎಂದು ಗೊತ್ತಾದ ಮೇಲೆ ಪ್ರಮೋದನಿಗೆ ಮನೆಯ ಯಾವ ವಸ್ತುವೂ ಮೊದಲಿನ ಹಾಗೆ ಕಾಣಿಸುತ್ತಿರಲಿಲ್ಲ. ಟವೆಲ್ಲು ಇನ್ನೂರ ಎಂಬತ್ತು. ಅದರ ಕಾಲುಭಾಗ ಸಾಕು, ಎಪ್ಪತ್ತು. ಚಮಚ ಹದಿನೆಂಟು. ಕನ್ನಡಕದ ಡಬ್ಬಿ ನಲವತ್ತು, ಅದು ಬೇಡವೇ ಬೇಡ, ಕನ್ನಡಕವನ್ನು ಕಾಲುಚೀಲದೊಳಗೆ ತುರುಕಿದರಾಯಿತು. ಮೇ ತಿಂಗಳ ಕತ್ತರಿ ಬಿಸಿಲಿನ ದಿನಗಳು ಮುಗಿದು ವಾರವಾಗಿದ್ದರೂ ಮೈಲಾಪೂರದ ಆ ಮೂರನೇ ಮಹಡಿಯ ಫ್ಲಾಟಿನಲ್ಲಿ ಬೆಳಿಗ್ಗೆ ಎಂಟಕ್ಕೇ ಬನಿಯನ್ನು ಬೆನ್ನಿಗಂಟುತ್ತಿತ್ತು. ಅಂಥದ್ದರಲ್ಲಿ ಅವನು ನಡುಮನೆಯ ನೆಲದ ಮೇಲೆ ಉಣ್ಣೆಯ ಟೋಪಿ, ಕೈಗವಸು, ಮಲಗುವ ಚೀಲ, ಬಾತುಕೋಳಿಯ ಪುಕ್ಕ ತುಂಬಿದ ಜಾಕೆಟ್ಟು ಎಲ್ಲವನ್ನೂ ಹರವಿಕೊಂಡು ಕೂತಿದ್ದ. ಪುಕ್ಕದ ವಿಷಯ ಅಮ್ಮನಿಗೆ ಹೇಳಿರಲಿಲ್ಲ. ಒಂದೊಂದನ್ನೂ ಅಡುಗೆಮನೆಯ ತೂಕದ ಮಿಷನ್ನಿನ ಮೇಲಿಟ್ಟು ಫೋನಿನಲ್ಲಿ ಬರೆದುಕೊಳ್ಳುವುದು, ಕೂಡುವುದು, ಮತ್ತೆ ಒಂದನ್ನು ತೆಗೆದು ಕೂಡುವುದು. ಊಟ, ಒಲೆ, ಗುಡಾರ ಎಲ್ಲ ಸೇರಿ ಹದಿನಾಲ್ಕು ಕೆಜಿ ದಾಟಬಾರದು. ದಾಟಿದರೆ ನಲವತ್ತೆಂಟು ವರ್ಷದ ಮಂಡಿಗಳು ಮೊದಲ ಏರಿನಲ್ಲೇ ಕೈಕೊಡುತ್ತವೆ. ಹಿಮಾಚಲದ ದಾರ್ಚಾದಿಂದ ಲಡಾಖಿನ ಲಾಮಾಯುರುವರೆಗೆ ಹತ್ತೊಂಬತ್ತು ದಿನದ ನಡಿಗೆ, ಐದು ಸಾವಿರ ಮೀಟರ್ ಎತ್ತರದ ಒಂದು ಕಣಿವೆದಾರಿ, ಹೇಸರಗತ್ತೆ ಇಲ್ಲ, ಗೈಡಿಲ್ಲ. ಅವನು ಮತ್ತು ಆಫೀಸಿನ ನಿಶಾಂತ್, ಇಬ್ಬರೇ, ತಮ್ಮ ಮನೆಯನ್ನು ತಾವೇ ಹೊತ್ತುಕೊಂಡು. ಯಾಕೆ ಎಂದು ಯಾರಾದರೂ ಕೇಳಿದರೆ ಹೇಳಲು ಅವನ ಹತ್ತಿರ ಏನೂ ಇರಲಿಲ್ಲ. ಹತ್ತೊಂಬತ್ತು ದಿನ ತನ್ನನ್ನು ಯಾರೂ ಏನೂ ಕೇಳಬಾರದು ಎಂಬುದಷ್ಟೇ ಅವನಿಗೆ ಬೇಕಾಗಿದ್ದದ್ದು, ಅದನ್ನು ಹೇಗೆ ಹೇಳುವುದು. ಈ ವರ್ಷ ಬಿಟ್ಟರೆ ಇನ್ನು ಆಗುವುದಿಲ್ಲವೆಂದು ಮಾತ್ರ ಗೊತ್ತಿತ್ತು.

"ಏನೋ ಅದು, ಚಪ್ಪಲಿಯಾ? ನನ್ನ ತರಾಸ್ ಮೇಲೆ ಚಪ್ಪಲಿ ಇಟ್ಟಿದೀಯಾ?"

ಅಡುಗೆಮನೆಯ ಹೊಸಿಲಿನ ಆಚೆ ಅಮ್ಮ ಭೀಮಾಬಾಯಿ ಮಡಿಯುಟ್ಟು ನಿಂತಿದ್ದಳು. ತರಾಸು ಅಂದರೆ ಆ ತೂಕದ ಮಿಷನ್ನು.

"ಚಪ್ಪಲಿ ಅಲ್ಲಮ್ಮ, ಶೂ. ಹೊಸದು."

"ಹೊಸ ಚಪ್ಪಲಿ ಚಪ್ಪಲಿ ಅಲ್ವಾ? ಸೆರಿ, ತೊಳ್ದಿಡು. ಕರೆಂಟ್ ತರಾಸು ತೊಳ್ಯಕ್ಕಾಗತ್ತೋ ಇಲ್ವೋ, ಅದೂ ತಿಳೀದು."

ಅಧಿಕ ಮಾಸ. ಮೂವತ್ತಮೂರು ಅತಿರಸ ಎಣಿಸಿ, ತುಪ್ಪದ ದೀಪ ಇಟ್ಟು ಅಳಿಯನಿಗೆ ದಾನ ಕೊಡುವುದು ಮನೆಯ ಪದ್ಧತಿ. ನಾಳೆ ಭಾನುವಾರ ತಾಂಬರದಿಂದ ಅಕ್ಕ ವೃಂದಾ, ಭಾವ ಸತ್ಯಾತ್ಮ ಬರುವವರಿದ್ದರು. ನಿನ್ನೆಯೇ ಪಾಕ ಹಿಡಿದು ಇಟ್ಟಿದ್ದ ಹಿಟ್ಟನ್ನು ಅಮ್ಮ ಬಾಳೆಲೆಯ ತುಂಡಿನ ಮೇಲೆ ತಟ್ಟಿ, ಎಣ್ಣೆಗೆ ಬಿಟ್ಟು, ಎತ್ತಿ, ಎರಡು ಸೌಟಿನ ನಡುವೆ ಒತ್ತಿ ಎಣ್ಣೆ ಇಳಿಸಿ, ಗಟ್ಟಿಯಾಗಿ ಎಣಿಸಿ ತಟ್ಟೆಗಿಡುತ್ತಿದ್ದಳು. ಎಪ್ಪತ್ತಾರು ವರ್ಷದ ಹೆಂಗಸು, ಎಣಿಕೆ ತಪ್ಪಿದವಳಲ್ಲ. ಮಾತೂ ಅಷ್ಟೇ. ಫೋನು ಬಂದಾಗ ಅವನು ಕೈಯಾಡಿಸಿ 'ಮನೇಲಿಲ್ಲ ಅನ್ನಮ್ಮ' ಎಂದು ಸನ್ನೆ ಮಾಡಿದರೆ, 'ಇದಾನೆ, ಮಾತಾಡಕ್ಕೆ ಇಷ್ಟ ಇಲ್ವಂತೆ' ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ ಅವನ ಮಾನ ಕಳೆಯುವವಳು. ಒಮ್ಮೆ ಅವನ ಮ್ಯಾನೇಜರಿಗೇ ಹಾಗೆ ಹೇಳಿಬಿಟ್ಟಿದ್ದಳು. ಮರುದಿನ ಆಫೀಸಿನಲ್ಲಿ ಆ ಮನುಷ್ಯ ನಕ್ಕ ನಗು ಇವತ್ತಿಗೂ ಪ್ರಮೋದನ ಕಿವಿಯಲ್ಲಿದೆ.

ಇಂಥ ಅಮ್ಮನಿಗೆ ಅವನು ಫೆಬ್ರವರಿಯಲ್ಲಿ ಸುಳ್ಳು ಹೇಳಿದ್ದ. ಹೇಳಿದ್ದ ಎನ್ನುವುದಕ್ಕಿಂತ, ಅವಳು ಹೇಳಿದ ಸುಳ್ಳನ್ನು ಬೇಡ ಅನ್ನಲಿಲ್ಲ. 'ಜುಲೈಯಲ್ಲಿ ಹಿಮಾಲಯಕ್ಕೆ ಹೋಗ್ತೀನಮ್ಮ' ಎಂದು ಊಟದ ಹೊತ್ತಿಗೆ ಶುರುಮಾಡಿದಾಗ ಅವಳು ಹುಳಿಯ ಸೌಟನ್ನು ಹಾಗೇ ಎತ್ತಿ ಹಿಡಿದು 'ಬದರಿಗಾ?' ಎಂದಿದ್ದಳು. ಆ ಮುಖ. ಅವನು 'ಆ ಕಡೆನೇ' ಅಂದ. ಸುಳ್ಳೇನಲ್ಲ, ಚೆನ್ನೈಯಿಂದ ನೋಡಿದರೆ ಎಲ್ಲ ಹಿಮಾಲಯವೂ ಆ ಕಡೆಯೇ. ಆಮೇಲೆ ತಿದ್ದಬೇಕೆಂದು ಒಂದು ವಾರ, ಒಂದು ತಿಂಗಳು, ಯುಗಾದಿ ಕಳೆಯಲಿ ಎಂದು ದಿನ ತಳ್ಳಿದ. ಹೆಂಡತಿ ಪಾವನಾಗೆ ಎಲ್ಲ ಗೊತ್ತಿತ್ತು. 'ನೀವೇ ಹೇಳ್ಬೇಕು. ನಾನಾಗಿ ಹೇಳಲ್ಲ, ಅಮ್ಮ ಕೇಳಿದ್ರೆ ಮುಚ್ಚಿಡೋದೂ ಇಲ್ಲ' ಎಂದು ಬ್ಯಾಂಕಿಗೆ ಹೋಗುವ ಅವಸರದಲ್ಲಿ ಒಂದೇ ಸಲ ಹೇಳಿ ಕೈತೊಳೆದುಕೊಂಡಿದ್ದಳು. ಬದರಿ ಎಂದರೆ ಆ ಮನೆಯಲ್ಲಿ ಬರೀ ಊರಲ್ಲ. ಹಾರ್ಬರ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ಅಪ್ಪ ವಿಷ್ಣುತೀರ್ಥಾಚಾರ್ ಮೂವತ್ತು ಬೇಸಿಗೆ 'ಬರೋ ವರ್ಷ ಬದರಿ' ಅಂದವರು. ಅಲ್ಲಿನ ಚಳಿಗೆಂದು ಒಂದು ಮಂಕಿ ಟೋಪಿ ಕೊಂಡು, ಅದನ್ನು ಮಾರ್ಗಳಿ ತಿಂಗಳ ಬೆಳಗಿನಲ್ಲಿ ಹಾಕಿಕೊಂಡು ಕೆರೆಯ ಸುತ್ತ ಪ್ರದಕ್ಷಿಣೆ ಬಂದು, ಐದು ವರ್ಷದ ಹಿಂದೆ ಆಷಾಢ ಶುದ್ಧ ಅಷ್ಟಮಿಯ ದಿನ ಹೋಗಿಬಿಟ್ಟರು. ಟೋಪಿ ಇನ್ನೂ ಬೀರುವಿನಲ್ಲಿದೆ. ತೂಗಿ ನೋಡಿದ್ದ: ನೂರ ಮೂವತ್ತು. ತಾನು ಆನ್‌ಲೈನಿನಲ್ಲಿ ತರಿಸಿದ್ದು ನಲವತ್ತೆರಡು. ಅಪ್ಪನದನ್ನು ಮಡಚಿ ಇದ್ದಲ್ಲೇ ಇಟ್ಟ.

ಶ್ರಾದ್ಧದ ವಿಷಯದಲ್ಲಿ ಮಾತ್ರ ಅವನು ತಪ್ಪಿರಲಿಲ್ಲ, ಅದೊಂದು ಸಮಾಧಾನವಿತ್ತು. ಕಳೆದ ವರ್ಷ ಜುಲೈ ಎರಡಕ್ಕೆ ಬಂದಿತ್ತು. ಅಪ್ಪ ಗೋಡೆಯ ದಿನಶೀಟು ಕ್ಯಾಲೆಂಡರಿನ ಮುಂದೆ ನಿಂತು ಕಲಿಸಿದ ಲೆಕ್ಕ ಅವನಿಗೆ ನೆನಪಿದೆ: ವರ್ಷಕ್ಕೆ ಹನ್ನೊಂದು ದಿನ ಹಿಂದಕ್ಕೆ ಹೋಗು, ತಿಥಿ ಸಿಕ್ಕತ್ತೆ. ಹಾಗೆ ಎಣಿಸಿದರೆ ಈ ಸಲ ಜೂನ್ ಇಪ್ಪತ್ತೊಂದು, ಭಾನುವಾರ ಬೇರೆ. ಯೋಜನೆಯ ಪಟ್ಟಿಯಲ್ಲಿ ಮೊಟ್ಟಮೊದಲ ಸಾಲಿಗೇ 'ಅಪ್ಪನ ಶ್ರಾದ್ಧ' ಎಂದು ಬರೆದು, ಆಮೇಲೆ ಜುಲೈ ಎಂಟಕ್ಕೆ ಹೊರಡುವುದೆಂದು ಟಿಕೆಟ್ ಮಾಡಿಸಿದ್ದ. ಪ್ರತಿ ವರ್ಷ ದಿನ ಹೇಳುತ್ತಿದ್ದವಳು ಅಮ್ಮ. ಈ ವರ್ಷ ಅವಳನ್ನು ಕೇಳಲಿಲ್ಲ, ಯಾಕೆಂದರೆ ಕೇಳಿದರೆ ಮಾತು ಬದರಿಗೆ ಬರುತ್ತದೆ. ಕಳೆದ ವರ್ಷದ ಶ್ರಾದ್ಧದಲ್ಲಿ ಪಿಂಡದ ಮುಂದೆ ಕೂತವನ ಮನಸ್ಸು ಎಲ್ಲಿತ್ತೋ. ಎಷ್ಟು ದಿನಕ್ಕೆ ಎಷ್ಟು ಗ್ಯಾಸು ಬೇಕಾಗಬಹುದು ಎಂದು ಎಣಿಸುತ್ತಿತ್ತು. ಪುರೋಹಿತರು ಕೈಯಲ್ಲಿ ದರ್ಭೆ ಹಿಡಿದು 'ಗೋತ್ರ ಹೇಳಪ್ಪಾ, ಗೋತ್ರ' ಎಂದು ಮೂರು ಸಲ ಕೇಳಬೇಕಾಯಿತು. ಭಾವ ಸತ್ಯಾತ್ಮ ತಲೆ ತಗ್ಗಿಸಿ ಮುಗುಳ್ನಕ್ಕ. ಅವತ್ತು ಬಿಸಿಯೇರಿದ ಕಿವಿ ಈಗಲೂ ಹಾಗೇ ಬಿಸಿಯಾಯಿತು, ಕೈಯಲ್ಲಿ ಗುಡಾರದ ಗೂಟಗಳು, ಎಂಟು ಗೂಟ, ಎಂಬತ್ತೆಂಟು ಗ್ರಾಂ.

"ಇದನ್ನ ನಿನ್ನ ಮೂಟೇಲಿ ಮೊದ್ಲು ಇಡು," ಎಂದಳು ಅಮ್ಮ. ಮಡಿಯಲ್ಲಿದ್ದುದರಿಂದ ಕೈಗೆ ಕೊಡದೆ ಹೊಸಿಲಿನ ಮೇಲೆ ಏನನ್ನೋ ಇಟ್ಟು ಹಿಂದೆ ಸರಿದಳು. ಅಪ್ಪ ತರ್ಪಣಕ್ಕೆ ಇಟ್ಟುಕೊಳ್ಳುತ್ತಿದ್ದ ಹಿತ್ತಾಳೆಯ ಡಬ್ಬಿ.

"ಏನಮ್ಮ ಇದು?"

"ಕರಿ ಎಳ್ಳು. ಅಲ್ಲಿ ಒಳ್ಳೇದು ಸಿಕ್ಕತ್ತೋ ಇಲ್ವೋ. ನಿಮ್ಮಪ್ಪನ ಡಬ್ಬೀನೇ ಹೋಗ್ಲಿ ಅಂತ ಅದ್ರಲ್ಲೇ ಹಾಕ್ದೆ."

"ಎಳ್ಳು ಯಾಕೆ? ಶ್ರಾದ್ಧ ಆದ್ಮೇಲೆ ತಾನೆ ನಾ ಹೊರಡೋದು?"

ಅಮ್ಮ ನಕ್ಕಳು. ಮಗ ಬೇಕೆಂದೇ ಆಟವಾಡಿಸುತ್ತಿದ್ದಾನೆ ಎಂದುಕೊಂಡ ನಗು ಅದು. "ಯಾವ ಶ್ರಾದ್ಧ ಆದ್ಮೇಲೋ? ಅಧಿಕ ಬಂತಲ್ಲ, ಆಷಾಢ ಒಂದ್ ತಿಂಗಳು ಮುಂದಕ್ಕೆ ಹೋಯ್ತು. ಅಷ್ಟಮಿ ಜುಲೈ ಇಪ್ಪತ್ತೊಂದು, ಮಂಗಳವಾರ. ಮಠದ ಪಂಚಾಂಗ ಬಂದ ದಿನಾನೇ ನೋಡ್ದೆ. ಅಯ್ಯೋ ರಾಮಾ, ಇವನು ಅಷ್ಟು ಹೊತ್ಗೆ ಬದರೀಲಿರ್ತಾನಲ್ಲ, ಬ್ರಹ್ಮಕಪಾಲದಲ್ಲೇ ಅಪ್ಪನಿಗೆ ಪಿಂಡ ಇಡೋಣ ಅಂತ ನೋಡಿ ನೋಡಿ ದಿನ ಇಟ್ಟಿದಾನೆ ನನ್ ಮಗ, ಬಾಯ್ಬಿಟ್ಟು ಹೇಳಲ್ಲ ಅಷ್ಟೆ ಅಂದ್ಕೊಂಡೆ. ನೀನಾಗೇ ಹೇಳ್ಲಿ ಅಂತ ಇಷ್ಟ್ ದಿನ ಸುಮ್ನಿದ್ದೆ. ವೃಂದಾ ಹತ್ರ ಮಾತ್ರ ತಡೀಲಾರ್ದೆ ಹೇಳ್ಬಿಟ್ಟೆ."

ಒಳಗೆ ಎಣ್ಣೆ ಹೊಗೆಯಾಡಿತು. ಅವಳು ಓಡಿದಳು.

ಪ್ರಮೋದ ಗೋಡೆಯ ದಿನಶೀಟಿನ ಕಡೆ ತಿರುಗಿದ. ಅಪ್ಪ ಕಲಿಸಿದ್ದರಲ್ಲಿ ಇನ್ನರ್ಧವಿತ್ತು, ಈಗ ನೆನಪಿಗೆ ಬಂತು: ಅಧಿಕ ಬಂದ ವರ್ಷ ಈ ಲೆಕ್ಕ ನಡೆಯಲ್ಲ, ಪಂಚಾಂಗ ನೋಡು. ದಿನಶೀಟಿನ ತಮಿಳು ತಿಂಗಳಿಗೆ ಈ ಅಧಿಕದ ರಗಳೆ ಇಲ್ಲ. ವೈಕಾಶಿ, ಆನಿ, ಆಡಿ ತಮ್ಮ ಪಾಡಿಗೆ ಬರುತ್ತವೆ, ಹೋಗುತ್ತವೆ. ಅವನು ಅದರಲ್ಲಿ ಎಣಿಸಿದ್ದ. ಆದರೆ ಇಪ್ಪತ್ತು ದಿನದಿಂದ ಮನೆಯಲ್ಲಿ ಅಧಿಕ, ಅಧಿಕ ಎಂದು ಕೇಳುತ್ತಲೇ ಇದ್ದಾನಲ್ಲ. ಈಗ ಮೂಗಿಗೆ ಬಡಿಯುತ್ತಿರುವ ಈ ಬೆಲ್ಲದ ವಾಸನೆ ಅದರದ್ದೇ ಅಲ್ಲವೇ? ಗೊತ್ತಿದ್ದೂ ಗೊತ್ತುಮಾಡಿಕೊಳ್ಳದೆ ಇದ್ದನೇ? ಈ ಪ್ರಶ್ನೆ ಬಂದ ಕೂಡಲೇ ಅವನು ಫೋನನ್ನು ತೆಗೆದು ಪಟ್ಟಿಯನ್ನು ನೋಡಿದ. ಜುಲೈ ಇಪ್ಪತ್ತೊಂದು: ಒಂಬತ್ತನೇ ದಿನ. ಹದಿನಾರು ಕಿಲೋಮೀಟರು. ಎತ್ತರ ಮೂರು ಸಾವಿರದ ಎಂಟುನೂರು. ನೀರು: ನದಿ, ದಾರಿಯುದ್ದಕ್ಕೂ. ಬರೆದವನು ತಾನೇ. ಎಷ್ಟು ಖುಷಿಯಾಗಿ ಬರೆದಿದ್ದ.

ಆ ಹೊತ್ತಿಗೇ ನಿಶಾಂತ್ ಫೋನ್ ಮಾಡಬೇಕೇ. ಮಳವಳ್ಳಿ ಕಡೆಯ ಹುಡುಗ, ಚೆನ್ನೈಗೆ ಬಂದು ಎರಡು ವರ್ಷ. ಆಫೀಸಿನಲ್ಲಿ ಕನ್ನಡದ ಇನ್ನೊಬ್ಬ ಸಿಕ್ಕನೆಂದು ಇವನಿಗಂಟಿಕೊಂಡವನು.

"ಸಾರ್, ಟೆಂಟು ನಾನೊತ್ಕತೀನಿ, ಒಲೆ ನೀವ್ ಒತ್ಕಳಿ. ಅಲ್ಗೆ ಸಮ ಆಯ್ತದೆ. ನಮ್ಮವ್ವ ಹುರಿಹಿಟ್ಟು ಕಳ್ಸವ್ಳೆ, ಮೂರ್ ಕೆಜಿ! ಏನ್ ಮಾಡನ?"

"ನಿಮ್ಮಮ್ಮನಿಗೆ ಏನಂತ ಹೇಳಿದೀಯ ನಿಶಾಂತ್? ಎಲ್ಲಿಗೆ ಅಂತ?"

"ಇನ್ನೇನ್ ಯೇಳದು ಸಾರ್, ಬೆಟ್ಟ ಅತ್ತಕೆ ಓಯ್ತೀನಿ ಅಂದೆ. ದೇವಸ್ಥಾನ ಐತಾ ಅಂದ್ಲು, ಇಲ್ಲ ಅಂದೆ. ಎರಡ್ ದಿನ ಅತ್ಲು. ಮೂರ್ನೇ ದಿನ ರಾಗಿ ಉರ್ಯಕ್ ಕೂತ್ಕಂಡ್ಲು."

ದಿನ ಮುಂದೆ ಹಾಕಬಹುದೇ ಎಂದು ಕೇಳಬೇಕೆಂದಿದ್ದ. ಆಗುವುದಿಲ್ಲವೆಂದು ಗೊತ್ತಿತ್ತು, ನಿಶಾಂತನಿಗೆ ರಜೆ ಸಿಕ್ಕಿರುವುದೇ ಆ ಮೂರೂವರೆ ವಾರಕ್ಕೆ, ಇವನಿಲ್ಲದೆ ಅವನೊಬ್ಬನೇ ಹೋಗುವಂತಿಲ್ಲ. "ಅರ್ಧ ಕೆಜಿ ಸಾಕು" ಎಂದಷ್ಟೇ ಹೇಳಿ ಇಟ್ಟ. ನಿಶಾಂತನ ಅವ್ವ ಶಿವಲಿಂಗಮ್ಮನನ್ನು ಅವನು ನೋಡಿದವನಲ್ಲ. ಎರಡು ದಿನ ಅತ್ತು ಮುಗಿಸಿದ ಆ ಹೆಂಗಸಿನ ಬಗ್ಗೆ, ಅವಳ ಮಗನ ಬಗ್ಗೆ ಅವನಿಗೆ ಹೊಟ್ಟೆಕಿಚ್ಚಾಯಿತು.

ಮನೆಯಲ್ಲಿ ಕೂರಲಾಗಲಿಲ್ಲ. ಎಲ್ಲವನ್ನೂ ಚೀಲಕ್ಕೆ ತುಂಬಿ, ಇನ್ನೂ ಕೊಳ್ಳದ ದಾರಿಯ ಊಟದ ತೂಕಕ್ಕೆ ಐದು ಕೆಜಿ ಅಕ್ಕಿಯ ಮೂಟೆ ಸೇರಿಸಿ, ಹೆಗಲಿಗೇರಿಸಿಕೊಂಡು ಸ್ಟೇಷನ್ನಿಗೆ ಹೊರಟ. ಬೆಟ್ಟವಿಲ್ಲದ ಊರಿನಲ್ಲಿ ಮೈಲಾಪೂರದ ರೈಲು ಸ್ಟೇಷನ್ನಿನ ಮೆಟ್ಟಿಲುಗಳೇ ಅವನ ಬೆಟ್ಟ. ಎರಡು ತಿಂಗಳಿಂದ ಶನಿವಾರ, ಭಾನುವಾರ ಹತ್ತಿ ಇಳಿದು ಅಭ್ಯಾಸ. ಹಾವಾಡಿಗನ ಮುಂದೆ ನಿಂತಂತೆ ಜನ ನಿಂತು ನೋಡುತ್ತಿದ್ದ ಕಾಲ ಮುಗಿದು ಈಗ ಯಾರೂ ನೋಡುವುದಿಲ್ಲ, ಒಬ್ಬ ಸೆಕ್ಯೂರಿಟಿಯವನ ಹೊರತು. ಹತ್ತುವಾಗ ಯೋಚನೆ ಹತ್ತುತ್ತಿತ್ತು, ಇಳಿಯುವಾಗ ಇಳಿಯುತ್ತಿತ್ತು. ಅಮಾವಾಸ್ಯೆಗೆ ಮಾಡಿದರಾಗದೇ? ಆಗುತ್ತದೆ, ಕಾಯಿಲೆ ಬಿದ್ದವರಿಗೆ, ಸೂತಕ ಬಂದವರಿಗೆ. ನಡೆಯಲು ಹೋದವರಿಗೂ ಆಗುತ್ತದೆಂದು ಯಾರನ್ನು ಕೇಳುವುದು? ನಿಜವಾಗಿ ಬದರಿಗೇ ಹೋಗಿಬಿಟ್ಟರೆ? ಹೋಗಬಹುದು, ಆ ಕಣಿವೆದಾರಿಯನ್ನು ಬಿಟ್ಟರೆ. ಬಿಡಲಾರೆ ಎಂದು ಎದೆಯೇ ಹೇಳಿತು, ಅಷ್ಟು ಸ್ಪಷ್ಟವಾಗಿ ಅದು ಯಾವತ್ತೂ ಏನನ್ನೂ ಹೇಳಿರಲಿಲ್ಲ. ಮೂರನೇ ಸಲ ಮೇಲೆ ಮುಟ್ಟಿದಾಗ ಇನ್ನೊಂದು ಹೊಳೆಯಿತು. ಏನೂ ಹೇಳದೆ ಹೋಗುವುದು. ಎಳ್ಳನ್ನು ಎಲ್ಲೋ ಚೆಲ್ಲುವುದು. ಬಂದ ಮೇಲೆ ಮಾಡವೀದಿಯ ಅಂಗಡಿಯಿಂದ ಮೊಹರು ಹಾಕಿದ ಗಂಗಾಜಲದ ಗಿಂಡಿಯೊಂದನ್ನು ತಂದು, ತಗೋಮ್ಮ ಪ್ರಸಾದ ಎಂದು ಕೊಡುವುದು. ಅಮ್ಮ ಅದನ್ನು ಕಣ್ಣಿಗೊತ್ತಿಕೊಳ್ಳುತ್ತಾಳೆ. ಅಳುತ್ತಾಳೆ. ವೃಂದಾಳಿಗೂ ಒಂದು ಉದ್ಧರಣೆ. ಇದು ತುಂಬ ಸುಲಭ, ಯಾರಿಗೂ ನೋವಿಲ್ಲ, ತಾನು ಇದನ್ನು ಮಾಡಬಲ್ಲ ಎಂದು ಗೊತ್ತಾದಾಗ ಅವನಿಗೆ ಬೆವರೊಳಗೇ ಚಳಿ ಬಂತು. ಕಂಬಿ ಹಿಡಿದು ನಿಂತ.

"ಎನ್ನ ಸಾರ್, ಲಿಫ್ಟ್ ಇರುಕ್ಕೇ," ಎಂದ ಸೆಕ್ಯೂರಿಟಿಯವನು ಕರುಣೆಯಿಂದ. "ಮೂಟ್ಟೆಯೆ ಕೀಳೇ ವೆಚ್ಚಿಟ್ಟು ಉಕ್ಕಾರುಂಗ." ಮೂಟೆ ಕೆಳಗಿಟ್ಟು ಕೂತುಕೊಳ್ಳಿ ಎಂದರೆ ಅವನಿಗೆ ಕೂರಬೇಕೆನಿಸಲಿಲ್ಲ. ತಿರುಗಿ ಮನೆಗೆ ನಡೆದ.

ಅವನು ಚೀಲವನ್ನು ಇಳಿಸಲೂ ಇಲ್ಲ. ಹೊಸಿಲಿನ ಈಚೆ, ಬಾಗಿಲ ಚೌಕಟ್ಟಿಗೆ ತಾಗದಂತೆ ನಿಂತು ಹೇಳಿದ.

"ಅಮ್ಮ, ನಾನು ಬದರಿಗೆ ಹೋಗ್ತಿಲ್ಲ."

"ಮತ್ತೆಲ್ಲಿಗೋ?"

"ಬೇರೆ ಕಡೆ. ಬರೀ ನಡ್ಯೋದು. ಮೊದಲಿಂದಾನೂ ಅಲ್ಲಿಗೇ. ನೀನು ಬದರಿಗಾ ಅಂದೆ, ನಾನು ಇಲ್ಲ ಅನ್ಲಿಲ್ಲ. ಶ್ರಾದ್ಧದ ದಿನಾನೂ ತಪ್ಪಾಗಿ ಎಣಿಸಿದೆ."

ಅಮ್ಮ ಎಣ್ಣೆಯಿಂದ ಅತಿರಸವನ್ನೆತ್ತಿ ಎರಡು ಸೌಟಿನ ನಡುವೆ ಒತ್ತಿದಳು. ಎಣ್ಣೆ ಇಳಿದು ನಿಂತ ಮೇಲೂ ಒತ್ತುತ್ತಲೇ ಇದ್ದಳು. ಅದು ಅಂಚಿನಲ್ಲಿ ಒಡೆಯಿತು. ಒಡೆದದ್ದನ್ನು ಬೇರೆ ಇಟ್ಟಳು, ಎಣಿಸಲಿಲ್ಲ.

"ಅಲ್ಲಿ ಗುಡಿ ಇದೆಯಾ?"

"ಇಲ್ಲ."

"ಗುಡಿ ಇಲ್ದಿದ್ಮೇಲೆ ಅಷ್ಟ್ ದೂರ ಏನಕ್ಕೋ ಹೋಗೋದು?"

"ಗೊತ್ತಿಲ್ಲಮ್ಮ. ಹೋಗ್ಬೇಕು ಅನ್ಸತ್ತೆ. ಬಿಡು, ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ. ಇಪ್ಪತ್ತೊಂದಕ್ಕೆ ಇಲ್ಲೇ ಇರ್ತೀನಿ."

ಹೇಳುತ್ತಲೇ ಅವನು ಚೀಲದ ಪಟ್ಟಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಶಾಲೆಗೆ ಹೊರಟ ಹುಡುಗನ ಹಾಗೆ. ನಾಚಿಕೆಯಾಯಿತು. ಅಮ್ಮ ಅವನ ಕಡೆ ನೋಡಿದಳು, ಬೆವರಿ ಒದ್ದೆಯಾದ ಅಂಗಿ, ಹೆಗಲ ಪಟ್ಟಿ ಒತ್ತಿ ಕೆಂಪಾದ ಕತ್ತು, ಬೆನ್ನ ಮೇಲಿನ ಆ ಹೊರೆ, ಎಲ್ಲವನ್ನೂ. ಮಡಿ ಇಲ್ಲದಿದ್ದರೆ ಹತ್ತಿರ ಬರುತ್ತಿದ್ದಳೋ ಏನೋ. ಬರುವಂತಿರಲಿಲ್ಲ. ಉರಿ ಸಣ್ಣ ಮಾಡಿದಳು.

"ಆ ದಿನ ನೀನಿರೋ ಕಡೆ ನೀರಿದೆಯಾ?"

"ಇದೆ. ನದಿ."

"ಏನು ಹೆಸರು?"

"ಚಾರಪ್ ಅಂತ."

"ಕೇಳೇ ಇಲ್ಲ. ಎಲ್ಲಿಗೆ ಹೋಗಿ ಸೇರತ್ತೆ?"

"ಜಾಂಸ್ಕರ್ ಅನ್ನೋ ನದಿಗೆ. ಅದು ಹೋಗಿ ಸಿಂಧುವಿಗೆ."

"ಸಿಂಧುವಿಗಾ?"

ದಿನಾ ಸ್ನಾನದ ಮೊದಲ ಚೊಂಬು ಹೊಯ್ದುಕೊಳ್ಳುವಾಗ ಅವಳು ಕರೆಯುವ ಏಳು ನದಿಗಳ ಹೆಸರಿನಲ್ಲಿ ಅದೂ ಒಂದು. ಅರವತ್ತು ವರ್ಷ ನಲ್ಲಿಯ ಮೆಟ್ರೋ ನೀರಿನೊಳಗೆ, ಲಾರಿ ನೀರಿನೊಳಗೆ ಅದನ್ನು ಕರೆದಿದ್ದಾಳೆ. ಅದು ಎಲ್ಲೋ ನಿಜವಾಗಿ ಹರಿಯುತ್ತದೆ, ತನ್ನ ಮಗ ಅದರ ದಂಡೆಗೆ ಹೋಗುವವನಿದ್ದಾನೆ ಎಂಬುದು ಮುಖದ ಮೇಲೆ ಒಂದು ಗಳಿಗೆ ನಿಂತಿತು, ಹೋಯಿತು.

"ಸಿಂಧು ಆದ್ರೆ ಸೆರಿ. ಊಟಕ್ಕೆ ಮುಂಚೆ ಸ್ನಾನ ಮಾಡಿ, ದಕ್ಷಿಣಕ್ಕೆ ತಿರುಗಿ ಎಳ್ಳು ಬಿಡು. ಗೋತ್ರ, ಹೆಸರು ಸರಿಯಾಗಿ ಹೇಳು. ಫೋನ್ ನೋಡ್ಕೊಂಡು ಹೇಳ್ಬೇಡ, ಬಾಯಿಪಾಠ ಮಾಡ್ಕೊ. ಬಂದ್ಮೇಲೆ ಅಮಾವಾಸ್ಯೆಗೆ ಇಲ್ಲಿ ಪೂರ್ತಿ ಮಾಡ್ಸೋಣ."

ಅಷ್ಟೇ? ಬಯ್ಯಲಿ ಎಂದು ಕಾಯುತ್ತಿದ್ದವನಿಗೆ ಇನ್ನೂ ಏನೋ ಬಾಕಿಯಿದೆ ಅನ್ನಿಸಿತು. ಆಗ ಅವಳ ಫೋನು ನಡುಮನೆಯಲ್ಲಿ ಹೊಡೆದುಕೊಳ್ಳತೊಡಗಿತು. ವೃಂದಾ. ಅಮ್ಮನ ಕೈಯೆಲ್ಲ ಹಿಟ್ಟು, ಮೇಲೆ ಮಡಿ. ಇಂಥ ಹೊತ್ತಿನಲ್ಲಿ ಯಾವಾಗಲೂ ಮಾಡುವಂತೆ ಅವನು ಸ್ಪೀಕರ್ ಹಾಕಿ, ಹೊಸಿಲಿನ ಆಚೆಗೆ ತೋಳು ಚಾಚಿ, ಅವಳಿಗೆ ತಾಗದಂತೆ ಫೋನು ಹಿಡಿದ.

"ಅಮ್ಮ, ಅತಿರಸ ಆಯ್ತಾ? ನೋಡು, ಇವರು ಕೇಳ್ತಿದಾರೆ, ಬ್ರಹ್ಮಕಪಾಲದಲ್ಲಿ ಪುರೋಹಿತರಿಗೆ ಪ್ರಮೋದ ಹೇಳಿಟ್ಟಿದಾನಾ ಅಂತ. ಇವರಿಗೆ ತಿಳಿದವರೊಬ್ಬರು ಬದರೀಲಿದಾರಂತೆ."

ಪ್ರಮೋದ ಕಣ್ಣು ಮುಚ್ಚಿಕೊಂಡ. ಈಗ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾಳೆ. ಹೇಳಲಿ. ಭಾವ ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳಲಿ.

"ಯಾರೂ ಬೇಡಾಂತ ಹೇಳಮ್ಮ," ಎಂದಳು ಅಮ್ಮ. ದನಿ ಯಾವಾಗಿನದೇ. "ಎಲ್ಲಾ ಹೇಳಿಟ್ಟಾಗಿದೆ. ಬದರೀಲಿ ಚೆನ್ನಾಗಿ ಮಾಡ್ತಾನೆ."

"ಅಪ್ಪ ಪುಣ್ಯವಂತರು ಬಿಡು. ಪ್ರಮೋದ ಇದಾನಾ? ಕೊಡು, ಒಂದ್ ಮಾತು ಹೇಳ್ತೀನಿ."

ಫೋನು ಅವನ ಕೈಯಲ್ಲಿತ್ತು. ಅಮ್ಮ ಫೋನನ್ನು ನೋಡಿದಳು, ಅವನನ್ನು ನೋಡಲಿಲ್ಲ.

"ಇಲ್ಲಮ್ಮ," ಎಂದಳು. "ಮನೇಲಿಲ್ಲ. ಹೊರಗ್ ಹೋಗಿದಾನೆ."

ಅವನು ಉಸಿರು ಬಿಗಿಹಿಡಿದು ನಿಂತ. ಬೆನ್ನ ಮೇಲೆ ಹದಿನಾಲ್ಕು ಕೆಜಿ, ಮುಂದೆ ಚಾಚಿದ ತೋಳು. ಅಕ್ಕ ನಾಳೆ ಎಷ್ಟು ಗಂಟೆಗೆ ಬರುತ್ತೇವೆ, ಬಾಳೆಲೆ ತರಬೇಕೇ ಬೇಡವೇ ಎಂದು ಹೇಳಿ ಮುಗಿಸುವವರೆಗೂ ಹಾಗೇ ಹಿಡಿದಿದ್ದ. ಜೀವಮಾನದಲ್ಲಿ ತನಗಾಗಿ ಹೇಳು ಎಂದು ಎಷ್ಟೋ ಸಲ ಗೋಗರೆದಿದ್ದ ಮಾತನ್ನು ಅವಳು ಇವತ್ತು, ಅವನು ಕೇಳದೆ, ಈ ಮಾಸದಲ್ಲಿ, ಮಡಿಯಲ್ಲಿ ನಿಂತು ಹೇಳಿದ್ದಳು. ಬೈದಿದ್ದರೆ ಹೊರಬಹುದಾಗಿತ್ತು.

ಫೋನು ಕಟ್ಟಾಯಿತು. ಅಮ್ಮ ಇನ್ನೊಂದು ಉಂಡೆ ತೆಗೆದುಕೊಂಡು ಎಲೆಯ ಮೇಲೆ ತಟ್ಟತೊಡಗಿದಳು.

"ಟಿಕೆಟ್ ಕ್ಯಾನ್ಸಲ್ ಮಾಡ್ಬೇಡ," ಎಂದಳು, ತಟ್ಟುತ್ತಲೇ. "ಈಗ ನೀನು ಹೋಗ್ಲೇಬೇಕು. ಫೋನ್ ಒರ್ಸಿಡು, ಎಣ್ಣೆ ಹಾರಿದೆ."

ಅವನು ಚೀಲ ಇಳಿಸಿದ. ಫೋನು ಒರೆಸಿದ. ಹೊಸಿಲಿನ ಮೇಲಿದ್ದ ಹಿತ್ತಾಳೆಯ ಡಬ್ಬಿಯನ್ನು ತಂದು ಮಿಷನ್ನಿನ ಮೇಲಿಟ್ಟ. ಎಳ್ಳನ್ನು ಪ್ಲಾಸ್ಟಿಕ್ ಕವರಿಗೆ ಸುರಿದುಕೊಂಡರೆ ನೂರ ಅರವತ್ತು ಗ್ರಾಂ ಉಳಿಯುತ್ತದೆ ಎಂದು ಲೆಕ್ಕ ತನಗೆ ತಾನೇ ನಡೆದುಹೋಯಿತು. ಒಳಗಿನಿಂದ ಅಮ್ಮ ಇಪ್ಪತ್ತೇಳು ಎಂದು ಎಣಿಸಿದ್ದು ಕೇಳಿಸಿತು. ಪಟ್ಟಿಯ ಕೊನೆಯಲ್ಲಿ ಅವನು 'ಎಳ್ಳು, ಡಬ್ಬಿ ಸಮೇತ, ಇನ್ನೂರ ಹತ್ತು' ಎಂದು ಬರೆದುಕೊಂಡ.